ರಕ್ತಸ್ರಾವದ ತುರ್ತಿಗೆ ಬೇಕಾದ ಪ್ರತಿಮದ್ದು ಜಿಲ್ಲಾಸ್ಪತ್ರೆಯಲ್ಲೇ ಸಿಗಲಿ

ಸಂಪಾದಕರಿಗೆ,

ಮಾನ್ಯರೇ,

ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಉಪಯುಕ್ತ ಲೇಖನಗಳು ಬರುತ್ತಲೇ ಇರುತ್ತವೆ. ಆದರೆ ರಕ್ತ ಹೆಪ್ಪುಗಟ್ಟದಂತೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರ ತಲೆಗೆ ಪೆಟ್ಟು ಬಿದ್ದರೆ ಅಥವಾ ಹೊಟ್ಟೆಯೊಳಗೆ ರಕ್ತ ಒಸರತೊಡಗಿದರೆ ಆ ಮಾತ್ರೆಯ ಪರಿಣಾಮವನ್ನು ಕೂಡಲೇ ಇಳಿಸುವುದು ಹೇಗೆ, ಅದಕ್ಕೆ ಬೇಕಾದ ಔಷಧ ನಮ್ಮ ಜಿಲ್ಲೆಗಳಲ್ಲಿ ಎಷ್ಟರಮಟ್ಟಿಗೆ ಸಿಗುತ್ತದೆ ಎಂಬುದು ಚರ್ಚೆಗೆ ಬಂದದ್ದು ತೀರಾ ಕಡಿಮೆ. ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಬಾಲ್ಯದಲ್ಲಿ ಬಂದ ಸಂಧಿವಾತ ಜ್ವರದಿಂದ ಹೃದಯದ ಕವಾಟ ಹಾಳಾಗಿ, ಲೋಹದ ಕವಾಟ ಹಾಕಿಸಿಕೊಂಡ ಸಾವಿರಾರು ಜನ ನಮ್ಮಲ್ಲಿದ್ದಾರೆ. ಅವರಲ್ಲಿ ಅನೇಕರು ಕೂಲಿ ಮಾಡುವವರು, ಇನ್ನೂ ನಡುವಯಸ್ಸು ದಾಟದ ಹೆಣ್ಣುಮಕ್ಕಳು. ಅವರು ಬದುಕಿರುವಷ್ಟು ಕಾಲ ವಾರ್ಫರಿನ್ ಅಥವಾ ಅದೇ ಬಗೆಯ ಅಸೆನೊಕುಮರಾಲ್ ನುಂಗಲೇಬೇಕು. ಹೊಸ ಕಾಲದ ಮಾತ್ರೆಗಳು ಲೋಹದ ಕವಾಟಕ್ಕೆ ಹೊಂದುವುದಿಲ್ಲ. ಇನ್ನೊಂದೆಡೆ ಹೃದಯದ ಬಡಿತ ಲಯ ತಪ್ಪಿದ ವಯಸ್ಸಾದವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು ಆ ಹೊಸ ಮಾತ್ರೆಗಳಾದ ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಟ್ರಾನ್ ತೆಗೆದುಕೊಳ್ಳುತ್ತಾರೆ. ಪೇಟೆಂಟ್ ಅವಧಿ ಮುಗಿದು ಬೆಲೆ ಇಳಿದ ಮೇಲೆ ಈ ಮಾತ್ರೆಗಳು ತಾಲ್ಲೂಕು ಕೇಂದ್ರದ ಔಷಧದಂಗಡಿಗೂ ಬಂದಿವೆ. ಔಷಧ ಹಳ್ಳಿಯವರೆಗೆ ತಲುಪಿದೆ, ಅದರ ಪ್ರತಿಮದ್ದು ಮಾತ್ರ ಇನ್ನೂ ದೊಡ್ಡ ನಗರ ಬಿಟ್ಟು ಹೊರಗೆ ಬಂದಿಲ್ಲ.

ಇಂಥ ರೋಗಿ ಬಂದಾಗ ವೈದ್ಯನಿಗೆ ಮೊದಲು ತಿಳಿಯಬೇಕಾದದ್ದು ಎರಡೇ: ಯಾವ ಮಾತ್ರೆ, ಕೊನೆಯದಾಗಿ ನುಂಗಿದ್ದು ಎಷ್ಟು ಹೊತ್ತಿಗೆ. ಮಾತ್ರೆಗೆ ತಕ್ಕಂತೆ ಪ್ರತಿಮದ್ದೂ ಬದಲಾಗುವುದರಿಂದ ಇದು ಗೊತ್ತಾಗದೆ ಚಿಕಿತ್ಸೆ ಮುಂದೆ ಸಾಗುವುದಿಲ್ಲ. ಪ್ರಜ್ಞೆ ತಪ್ಪಿದ ಅಜ್ಜನನ್ನು ಕರೆತಂದ ಮನೆಯವರು ಗಾಬರಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿಯುತ್ತಾರೆ. ಅದರಲ್ಲಿ ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಜೊತೆಗೆ ಅಂಗಡಿಯವರು ಐದೈದು ಕತ್ತರಿಸಿ ಕೊಟ್ಟ, ಹೆಸರಿರುವ ತುದಿಯೇ ಇಲ್ಲದ ಪಟ್ಟಿಯ ತುಂಡುಗಳಿರುತ್ತವೆ. ಯಾವುದಕ್ಕೆ ಎಂದು ಕೇಳಿದರೆ ‘ಹಾರ್ಟಿನ ಮಾತ್ರೆ ಸಾರ್’ ಎಂಬ ಉತ್ತರ ಬರುತ್ತದೆ. ಅದು ಆಸ್ಪಿರಿನ್ ಇರಬಹುದು, ವಾರ್ಫರಿನ್ನೂ ಇರಬಹುದು. ಎರಡರ ನಡುವಿನ ವ್ಯತ್ಯಾಸದ ಮೇಲೆ ಮುಂದಿನ ಒಂದು ಗಂಟೆ ನಿಂತಿರುತ್ತದೆ.

ರಕ್ತ ಹೆಪ್ಪುಗಟ್ಟಲು ಬೇಕಾದ ಎರಡು, ಏಳು, ಒಂಬತ್ತು ಮತ್ತು ಹತ್ತನೇ ಅಂಶಗಳನ್ನು ಯಕೃತ್ತು ತಯಾರಿಸುವುದು ವಿಟಮಿನ್ ‘ಕೆ’ ನೆರವಿನಿಂದ. ವಾರ್ಫರಿನ್ ಆ ನೆರವನ್ನೇ ತಡೆಯುತ್ತದೆ. ಆದ್ದರಿಂದ ವಿಟಮಿನ್ ‘ಕೆ’ಯನ್ನು 10 ಮಿಲಿಗ್ರಾಂ ಪ್ರಮಾಣದಲ್ಲಿ ಡ್ರಿಪ್ ಮೂಲಕ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟರೆ ಯಕೃತ್ತು ಮತ್ತೆ ಕೆಲಸ ಶುರು ಮಾಡುತ್ತದೆ, ಆದರೆ ಅದರ ಫಲ ಕಾಣಲು ಹಲವು ಗಂಟೆಗಳು ಬೇಕು. ಮಿದುಳಿನಲ್ಲಿ ರಕ್ತ ಸೋರುತ್ತಿರುವವರಿಗೆ ಅಷ್ಟು ಸಮಯವಿರುವುದಿಲ್ಲ. ಅದಕ್ಕಾಗಿ ನಮ್ಮಲ್ಲಿ ಸಾಮಾನ್ಯವಾಗಿ ಈ ಅಂಶಗಳಿರುವ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗವನ್ನು, ಕೊಡುತ್ತಾರೆ. ರಕ್ತನಿಧಿಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿರುವ ಹಳದಿ ಚೀಲವನ್ನು ಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಲು ಅರ್ಧ ಗಂಟೆಯಾದರೂ ಬೇಕು, ಗುಂಪು ಹೊಂದಬೇಕು, 60 ಕಿಲೋ ತೂಕದವರಿಗೆ ಮುಕ್ಕಾಲು ಲೀಟರಿನಿಂದ ಒಂದು ಲೀಟರಿನವರೆಗೆ, ಅಂದರೆ ನಾಲ್ಕು ಚೀಲದಷ್ಟು, ಬೇಕಾಗುತ್ತದೆ. ಮೊದಲೇ ದುರ್ಬಲವಾದ ಹೃದಯಕ್ಕೆ ಅಷ್ಟು ದ್ರವ ಒಮ್ಮೆಲೇ ಸೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ರಕ್ತಸ್ರಾವ ನಿಲ್ಲಿಸಲು ಹೋಗಿ ರೋಗಿಗೆ ಆಮ್ಲಜನಕ ಕಟ್ಟಬೇಕಾದ ಪರಿಸ್ಥಿತಿಯನ್ನು ಕಣ್ಣಾರೆ ಕಂಡಿದ್ದೇನೆ.

ಇದಕ್ಕೆ ಪರಿಹಾರವೆಂದರೆ ಪ್ರೋಥ್ರಾಂಬಿನ್ ಕಾಂಪ್ಲೆಕ್ಸ್ ಕಾನ್ಸಂಟ್ರೇಟ್, ಚಿಕ್ಕದಾಗಿ ಪಿ.ಸಿ.ಸಿ. ಆ ನಾಲ್ಕು ಅಂಶಗಳನ್ನೇ ಸಾಂದ್ರಗೊಳಿಸಿ ಪುಡಿ ಮಾಡಿದ ಔಷಧವಿದು. ಸಣ್ಣ ಸೀಸೆಯಲ್ಲಿ ಬರುತ್ತದೆ, ರಕ್ತದ ಗುಂಪು ನೋಡಬೇಕಿಲ್ಲ, ಕರಗಿಸಿ ಕೊಟ್ಟ ಅರ್ಧ ಗಂಟೆಯೊಳಗೆ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಅಳತೆ) ಇಳಿಯುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಏಳನೇ ಅಂಶ ದೇಹದಲ್ಲಿ ಕೆಲವೇ ಗಂಟೆ ಉಳಿಯುವುದರಿಂದ ಜೊತೆಯಲ್ಲೇ ವಿಟಮಿನ್ ‘ಕೆ’ ಕೊಡದಿದ್ದರೆ ಮರುದಿನದ ಹೊತ್ತಿಗೆ ಐ.ಎನ್.ಆರ್. ಮತ್ತೆ ಏರುತ್ತದೆ. ಹಾಗೆಂದು ವಿಟಮಿನ್ ‘ಕೆ’ ಹೆಸರಿನ ಎಲ್ಲ ಚುಚ್ಚುಮದ್ದೂ ಒಂದೇ ಅಲ್ಲ. ಕಪಾಟಿನಲ್ಲಿರುವುದು ಮೆನಡಯೋನ್ ಆದರೆ ವಾರ್ಫರಿನ್ ಇಳಿಸಲು ಅದರಿಂದ ಪ್ರಯೋಜನವಿಲ್ಲ. ಬೇಕಾದದ್ದು ಫೈಟೊಮೆನಡಯೋನ್, ಅಂದರೆ ‘ಕೆ1’. ಹೆರಿಗೆ ವಾರ್ಡಿನಲ್ಲಿ ಹಸುಗೂಸುಗಳಿಗಾಗಿ ಇಟ್ಟಿರುವ 1 ಮಿಲಿಗ್ರಾಂ ಸೀಸೆಯೊಂದನ್ನು ತಂದು ದೊಡ್ಡವರಿಗೆ ಕೊಟ್ಟು ಚಿಕಿತ್ಸೆಯಾಯಿತೆಂದು ಕೂರುವಂತೆಯೂ ಇಲ್ಲ.

ಹೊಸ ಮಾತ್ರೆಗಳ ಲೆಕ್ಕ ಬೇರೆ. ಅಪಿಕ್ಸಬಾನ್ ನುಂಗಿದವರ ಐ.ಎನ್.ಆರ್. ಸಹಜವಾಗಿಯೇ ಕಾಣಬಹುದು, ಆ ವರದಿ ನೋಡಿ ರಕ್ತ ಸರಿಯಾಗಿದೆ ಎಂದು ನಿರಾಳರಾಗುವುದು ಅಪಾಯಕಾರಿ. ಇಲ್ಲಿ ವಿಟಮಿನ್ ‘ಕೆ’ ಕೆಲಸಕ್ಕೆ ಬರುವುದಿಲ್ಲ. ಡಾಬಿಗಟ್ರಾನಿಗೆ ಇಡಾರುಸಿಜುಮ್ಯಾಬ್ ಎಂಬ ನಿರ್ದಿಷ್ಟ ಪ್ರತಿಮದ್ದಿದ್ದು, 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. 5 ಗ್ರಾಂ ಕೊಟ್ಟರೆ ನಿಮಿಷಗಳಲ್ಲಿ ಪರಿಣಾಮ ಇಳಿಯುತ್ತದೆ. ಅದು ಸಿಗದಿದ್ದರೆ ಡಯಾಲಿಸಿಸ್ ಒಂದು ದಾರಿ. ಅಪಿಕ್ಸಬಾನ್ ಮತ್ತು ರಿವರಾಕ್ಸಬಾನಿಗಾಗಿ ಅಲ್ಲಿ 2018ರಲ್ಲಿ ಬಂದ ಆಂಡೆಕ್ಸನೆಟ್ ಆಲ್ಫಾ ಬಹಳ ದುಬಾರಿಯಾಗಿತ್ತು, ಪಡೆದವರಲ್ಲಿ ಹೆಪ್ಪುಗಟ್ಟುವ ತೊಂದರೆಯೂ ಹೆಚ್ಚಾಗಿ ಕಂಡಿತು. ಹೀಗಾಗಿ ಈ ಎರಡು ಮಾತ್ರೆಗಳಿಗೂ ನಮ್ಮ ಕೈಯಲ್ಲಿ ಉಳಿಯುವುದು ಪಿ.ಸಿ.ಸಿ.ಯೇ. ರಕ್ತದ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್‌ಗಳಿಗೆ ನೇರ ಪ್ರತಿಮದ್ದಿಲ್ಲ. ಅಂಥವರ ಮಿದುಳಿನಲ್ಲಿ ತಾನಾಗಿಯೇ ರಕ್ತಸ್ರಾವವಾದಾಗ ಪ್ಲೇಟ್‌ಲೆಟ್ ಕೊಡುವುದರಿಂದ ಒಳಿತಿಗಿಂತ ಕೆಡುಕೇ ಹೆಚ್ಚಾಯಿತೆಂದು 2016ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನ ತೋರಿಸಿದೆ. ಗಾಬರಿಯಲ್ಲಿ ಏನಾದರೊಂದು ಕೊಟ್ಟುಬಿಡುವುದು ಚಿಕಿತ್ಸೆಯಲ್ಲ.

ಮೂಗಿನಿಂದ ನಾಲ್ಕು ಹನಿ ರಕ್ತ ಬಂದವರಿಗೆಲ್ಲ ಈ ಔಷಧಗಳು ಬೇಕಿಲ್ಲ ಎಂಬುದನ್ನೂ ಹೇಳಬೇಕು. ಲೋಹದ ಕವಾಟವಿರುವವರಿಗೆ ಅನಗತ್ಯವಾಗಿ ಪ್ರತಿಮದ್ದು ಕೊಟ್ಟರೆ ಕವಾಟದ ಮೇಲೆಯೇ ಹೆಪ್ಪುಗಟ್ಟಿ ಅದು ಸಿಕ್ಕಿಕೊಳ್ಳಬಹುದು. ರಕ್ತಸ್ರಾವವಿಲ್ಲದೆ ಐ.ಎನ್.ಆರ್. ಸ್ವಲ್ಪ ಏರಿದ್ದರೆ ವೈದ್ಯರ ಸಲಹೆಯಂತೆ ಒಂದೆರಡು ಹೊತ್ತು ಮಾತ್ರೆ ಬಿಟ್ಟು ಮತ್ತೆ ಪರೀಕ್ಷಿಸಿದರೆ ಸಾಕಾಗುತ್ತದೆ. ಪ್ರತಿಮದ್ದು ಕೊಟ್ಟವರಿಗೆ ಮೂಲ ಮಾತ್ರೆಯನ್ನು ಮತ್ತೆ ಯಾವಾಗ ಶುರು ಮಾಡಬೇಕೆಂದು ಬಿಡುಗಡೆ ಚೀಟಿಯಲ್ಲಿ ಬರೆದುಕೊಡದಿರುವುದು ನಾನು ಕಂಡ ದೊಡ್ಡ ಲೋಪ. ರಕ್ತ ನಿಂತಿತೆಂದು ಮನೆಗೆ ಹೋದವರು ತಿಂಗಳ ಮೇಲೆ ಪಾರ್ಶ್ವವಾಯುವಿನಿಂದ ಮರಳಿದ್ದುಂಟು.

ದುಬಾರಿಯಾದ ಔಷಧವನ್ನು ಸಣ್ಣ ಊರಿನಲ್ಲಿ ಇಡುವುದು ಹೇಗೆ ಎಂಬ ಪ್ರಶ್ನೆ ಬರಬಹುದು. ಇದಕ್ಕೆ ನಮ್ಮ ರಾಜ್ಯವೇ ಉತ್ತರ ಕೊಟ್ಟಿದೆ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹೃದಯಾಘಾತವಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲಾಗುತ್ತಿದೆ. ಹೆಪ್ಪು ಕರಗಿಸುವ ಔಷಧವನ್ನು ರೋಗಿಯ ಹತ್ತಿರಕ್ಕೆ ಒಯ್ಯಲು ಸಾಧ್ಯವಾದರೆ ಹೆಪ್ಪುಗಟ್ಟಿಸುವ ಔಷಧವನ್ನು ಕನಿಷ್ಠ ಜಿಲ್ಲಾಸ್ಪತ್ರೆಯವರೆಗಾದರೂ ಒಯ್ಯಲು ಖಂಡಿತ ಸಾಧ್ಯ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಇಬ್ಬರು ರೋಗಿಗಳಿಗೆ ಸಾಕಾಗುವಷ್ಟು ಪಿ.ಸಿ.ಸಿ. ಸದಾ ಇರಲಿ; ಅವಧಿ ಮುಗಿಯುವ ಮುನ್ನ ಅದನ್ನು ಹೆಚ್ಚು ಬಳಕೆಯಿರುವ ವೈದ್ಯಕೀಯ ಕಾಲೇಜಿಗೆ ಕಳುಹಿಸಿ ಹೊಸದನ್ನು ತರಿಸಿಕೊಂಡರೆ ನಷ್ಟವೂ ಆಗದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಕಡಿಮೆ ಬೆಲೆಯ ‘ಕೆ1’ ಚುಚ್ಚುಮದ್ದು ಇರಲಿ, ಐ.ಎನ್.ಆರ್. ಪರೀಕ್ಷೆ ರಾತ್ರಿಯೂ ನಡೆಯಲಿ. 108 ಆಂಬುಲೆನ್ಸ್ ಸಿಬ್ಬಂದಿ ಮಾತ್ರೆಯ ಹೆಸರನ್ನೂ ಕೊನೆಯ ಹೊತ್ತನ್ನೂ ದಾರಿಯಲ್ಲೇ ಕೇಳಿ ಆಸ್ಪತ್ರೆಗೆ ತಿಳಿಸಿದರೆ ಅಮೂಲ್ಯ ಸಮಯ ಉಳಿಯುತ್ತದೆ.

ಮನೆಯವರಲ್ಲೂ ಒಂದು ವಿನಂತಿ. ಈ ಮಾತ್ರೆ ನುಂಗುವವರು ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡರೆ, ಗಾಯ ಕಾಣದಿದ್ದರೂ, ಚೆನ್ನಾಗಿಯೇ ಮಾತನಾಡುತ್ತಿದ್ದರೂ, ಬೆಳಗಾಗಲಿ ಎಂದು ಕಾಯದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಮಲ ಡಾಂಬರಿನಂತೆ ಕಪ್ಪಾಗಿದ್ದರೂ ಅದೇ ಅವಸರ ಇರಲಿ. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೊಫಿನಾಕ್ ತಂದು ಕೊಡಬೇಡಿ, ಸೊಂಟಕ್ಕೆ ಇಂಜೆಕ್ಷನ್ ಹಾಕಿಸಬೇಡಿ.

ಮಾತ್ರೆ ಬರೆದುಕೊಡುವ ಪ್ರತಿ ಆಸ್ಪತ್ರೆಯೂ ರೋಗಿಗೆ ಕನ್ನಡದಲ್ಲಿ ಒಂದು ಚೀಟಿ ಕೊಡುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಬೇಕು. ಔಷಧದ ಮೂಲ ಹೆಸರು, ಪ್ರಮಾಣ, ನುಂಗುವ ಹೊತ್ತು, ಯಾವ ಕಾಯಿಲೆಗೆ, ಲೋಹದ ಕವಾಟ ಇದೆಯೋ ಇಲ್ಲವೋ, ಇತ್ತೀಚಿನ ಐ.ಎನ್.ಆರ್. ಮತ್ತು ಮೂತ್ರಪಿಂಡದ ವರದಿ, ಬರೆದ ವೈದ್ಯರ ದೂರವಾಣಿ ಸಂಖ್ಯೆ ಅದರಲ್ಲಿರಲಿ. ಆಧಾರ್ ಕಾರ್ಡಿನ ಜೊತೆ ಜೇಬಿನಲ್ಲಿಟ್ಟುಕೊಳ್ಳುವಷ್ಟು ಚಿಕ್ಕದಾಗಿ ಅದನ್ನು ಮುದ್ರಿಸಲು ಇಲಾಖೆಗೆ ದೊಡ್ಡ ಖರ್ಚೇನೂ ಬಾರದು.

ತಮ್ಮ ವಿಶ್ವಾಸಿ,
ನಿವೃತ್ತ ವೈದ್ಯಾಧಿಕಾರಿ, ಸಾಗರ