ನಕ್ಷೆ ಕತ್ತರಿಸಿದ ಪುಸ್ತಕ ಕಳುಹಿಸಿದ್ದರ ಬಗ್ಗೆ ದೂರು

ಇವರಿಗೆ,
ಗ್ರಾಹಕರ ಅಹವಾಲು ಅಧಿಕಾರಿಗಳು,
ಹಳೆಯ ಪುಸ್ತಕಗಳ ಆನ್‌ಲೈನ್ ಮಾರಾಟ ವಿಭಾಗ

ಮಾನ್ಯರೇ,

ಇಟಲಿಯ ಮಿಲ್ಲೆ ಮಿಲಿಯಾ ಕಾರು ರೇಸಿನ ಇತಿಹಾಸ ಹೇಳುವ ಪುಸ್ತಕವೊಂದನ್ನು ಜೂನ್ 9ರಂದು 6,800 ರೂಪಾಯಿ ಕೊಟ್ಟು ನಿಮ್ಮಿಂದ ತರಿಸಿಕೊಂಡೆ. ಮೊದಲ ಮುದ್ರಣ, ಜಾಕೆಟ್ ಇದೆ, ಮಡಿಸುವ ನಕ್ಷೆ ಸುಸ್ಥಿತಿಯಲ್ಲಿದೆ ಎಂದು ನೀವೇ ಬರೆದಿದ್ದಿರಿ. ಬಂದದ್ದು ಮಳೆಯಲ್ಲಿ ನೆನೆದ ತೆಳು ಪ್ಲಾಸ್ಟಿಕ್ ಚೀಲದಲ್ಲಿ, ಮೂಲೆ ಜಜ್ಜಿಹೋದ ಮರುಮುದ್ರಣ. ಜಾಕೆಟ್ ಇಲ್ಲ. ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ, ಆದರೆ ನಕ್ಷೆಯನ್ನು ಯಾರೋ ಬ್ಲೇಡಿನಿಂದ ಕೊಯ್ದಿದ್ದಾರೆ. ಹೊಲಿಗೆಯ ಬಳಿ ಅರ್ಧ ಬೆರಳಗಲದ ಅಂಚು ಉಳಿದಿದೆ.

ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ, "ಓದಲು ಅಡ್ಡಿಯಿಲ್ಲವಲ್ಲ ಸರ್, ನಕ್ಷೆಯನ್ನು ಮೊಬೈಲ್‌ನಲ್ಲಿ ನೋಡಿಕೊಳ್ಳಿ" ಎಂದು 300 ರೂಪಾಯಿಯ ಕೂಪನ್ ಕೊಡಲು ಬಂದರು.

ಅಡ್ಡಿ ಇದೆ. 1955ರ ರೇಸು ಬ್ರೆಶಿಯಾದಲ್ಲಿ ಹೊರಟು, ಏಡ್ರಿಯಾಟಿಕ್ ಕರಾವಳಿ ಹಿಡಿದು ಪೆಸ್ಕಾರಾಕ್ಕೆ ಇಳಿದು, ರೋಮ್ ಮುಟ್ಟಿ, ಫ್ಲಾರೆನ್ಸ್ ದಾಟಿ ಫೂಟಾ ಘಾಟಿ ಹತ್ತಿ ಬೊಲೊನ್ಯಾ ಮೂಲಕ ಬ್ರೆಶಿಯಾಕ್ಕೇ ಮರಳುತ್ತದೆ. ಸುಮಾರು 1,600 ಕಿಲೋಮೀಟರ್, ಎಲ್ಲವೂ ಊರುಗಳ ನಡುವಿನ ಮಾಮೂಲಿ ರಸ್ತೆ. ಬ್ರಿಟಿಷ್ ಚಾಲಕ ಸ್ಟರ್ಲಿಂಗ್ ಮಾಸ್ ಅದನ್ನು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿದರು. ಪಕ್ಕದಲ್ಲಿ ಕುಳಿತ ಡೆನಿಸ್ ಜೆಂಕಿನ್ಸನ್ ತಿರುವುಗಳನ್ನೆಲ್ಲ ಬರೆದಿಟ್ಟ ಕಾಗದದ ಸುರುಳಿ ನೋಡುತ್ತ, ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ಕೈಸನ್ನೆಯಿಂದಲೇ ದಾರಿ ತೋರಿಸಿದರು. ಆ ತಿರುವುಗಳು ಎಲ್ಲಿದ್ದವು ಎಂದು ತಿಳಿಯದೆ ಈ ಪುಸ್ತಕದ ವಿಮರ್ಶೆ ಬರೆಯುವುದು ಹೇಗೆ? ಮೊಬೈಲ್ ತೆರೆದರೆ ಫ್ಲಾರೆನ್ಸ್‌ನಿಂದ ಬೊಲೊನ್ಯಾಕ್ಕೆ ಅಂದು ಇಲ್ಲದ ಹೆದ್ದಾರಿಯನ್ನು ತೋರಿಸುತ್ತದೆ.

ಇನ್ನೊಂದು ಮಾತು. ಪುಟಗಳು 722 ಎಂದು ನಿಮ್ಮ ವಿವರಣೆಯಲ್ಲಿದೆ. ಪುಸ್ತಕದಲ್ಲಿರುವುದು 240. 722 ಎಂಬುದು ಮುಖಪುಟದ ಚಿತ್ರದಲ್ಲಿ ಮಾಸ್ ಅವರ ಮರ್ಸಿಡಿಸ್ ಮೇಲಿರುವ ಸಂಖ್ಯೆ, ಬೆಳಿಗ್ಗೆ 7.22ಕ್ಕೆ ಹೊರಟ ಕಾರು ಎಂಬ ಗುರುತು. ಪುಸ್ತಕವನ್ನು ತೆರೆದೇ ನೋಡದವರು 'ಸುಸ್ಥಿತಿ' ಎಂದು ಹೇಗೆ ಬರೆದರು?

ನಕ್ಷೆಯಿರುವ ಮೊದಲ ಮುದ್ರಣದ ಪ್ರತಿ ಕಳುಹಿಸಿ, ಇಲ್ಲವಾದರೆ ಪೂರ್ತಿ ಹಣ ಮರಳಿಸಿ. ಕೂಪನ್ ಬೇಡ. ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳಲ್ಲಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಕತ್ತರಿಸಿದ ಅಂಚಿನ ಫೋಟೊಗಳನ್ನು ಲಗತ್ತಿಸಿದ್ದೇನೆ.

ಪುಸ್ತಕವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಕಟ್ಟಿಟ್ಟಿದ್ದೇನೆ. ನಿಮ್ಮವರು ಬಂದು ಒಯ್ಯಲಿ.

ಇಂತಿ,
ನಿಮ್ಮ ಗ್ರಾಹಕ
ಮೈಸೂರು