ಗೆಳೆಯಾ, ಆ ಕಾರ್ಡು ಮಾಡಿಸು

ಪ್ರೀತಿಯ ದೋಸ್ತ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಆಟಿಸಂ ಇರುವ ನಿನ್ನ ಮಗನಿಗೆ ಅಂಗವಿಕಲರ ಗುರುತಿನ ಕಾರ್ಡು ಮಾಡಿಸು ಅಂದದ್ದಕ್ಕೆ, "ನನ್ನ ಮಗನ ಕೊರಳಿಗೆ ಅಂಗವಿಕಲ ಅಂತ ಬೋರ್ಡ್ ಹಾಕ್ಲೇನು? ಸರ್ಕಾರದ ಎಂಟುನೂರು ರೂಪಾಯಿಗೆ ಕೈ ಒಡ್ಲೇನು?" ಅಂತ ಕೇಳಿದೆಯಲ್ಲ, ಅದೇ ಮಾತು ಕಿವಿಯಲ್ಲಿ ಸುತ್ತುತ್ತಿತ್ತು. ಆಗ ನಾನು ಏನೂ ಹೇಳಲಿಲ್ಲ. ಐದು ವರ್ಷದ ಹಿಂದೆ ಇದೇ ಮಾತನ್ನು ನಾನೂ ನಮ್ಮ ಅವ್ವನ ಮುಂದೆ ಆಡಿದ್ದೆ. ಇವತ್ತು ಅಂಗಡಿಯಲ್ಲಿ ಕೆಲಸ ಕಡಿಮೆ ಇದೆ. ಮಷಿನ್ ನಿಲ್ಲಿಸಿ ಬರೆಯಲು ಕೂತಿದ್ದೇನೆ.

ಮೊದಲು ರೊಟ್ಟಿಯ ಸಂಗತಿ ಹೇಳುತ್ತೇನೆ.

ನಮ್ಮ ಮಗ ಚಿನ್ನುಗೂ ಆಟಿಸಂ. ಆಗ ಅವನಿಗೆ ನಾಲ್ಕು ವರ್ಷ. ಬೆಳಿಗ್ಗೆ ಅವನ ತಾಯಿ ರೊಟ್ಟಿ ಬಡಿಯಲು ಕೂತರೆ ಸಾಕು, ಆ ತಟತಟ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಜಜ್ಜಿಕೊಳ್ಳುತ್ತಿದ್ದ. ಮೂರನೇ ರೊಟ್ಟಿ ತವೆಗೆ ಹೋಗುವಷ್ಟರಲ್ಲಿ ಹಣೆ ಕೆಂಪಗಾಗಿರುತ್ತಿತ್ತು. ನಾವು ಹಟ ಅಂದುಕೊಂಡೆವು. ಒಂದೆರಡು ಸಲ ನಾನು ಹೊಡೆದೂ ಬಿಟ್ಟೆ. ಅದನ್ನು ನೆನೆಸಿದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಮಗೆ ಮಾಮೂಲಿ ಅನಿಸುವ ಸದ್ದು ಅವನ ಕಿವಿಗೆ ಸುತ್ತಿಗೆಯ ಹಾಗೆ ಬೀಳುತ್ತಿತ್ತು. ಅದು ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ.

ರೊಟ್ಟಿ ಬಂದ್ ಮಾಡಿದೆವು. ಅನ್ನ, ಚಪಾತಿ ಮಾಡಿ ನೋಡಿದೆವು. ಆದರೆ ನಮ್ಮ ಅವ್ವ ಜೋಳದ ರೊಟ್ಟಿ ಇಲ್ಲದೆ ಉಂಡವಳೇ ಅಲ್ಲ. "ನನಗ ಅನ್ನಾನೂ ನಡೀತೈತಿ ಬಿಡಪಾ" ಅನ್ನುತ್ತಿದ್ದಳು, ತಾಟಿನಲ್ಲಿ ಅರ್ಧ ಬಿಡುತ್ತಿದ್ದಳು. ಕಡೆಗೆ ನನ್ನ ಹೆಂಡತಿ ನಸುಕಿನ ನಾಲ್ಕಕ್ಕೆ ಎದ್ದು, ಹಿತ್ತಲಲ್ಲಿ ಒಲೆ ಹಚ್ಚಿ, ಅವನು ಏಳುವುದರೊಳಗೆ ರೊಟ್ಟಿ ಮುಗಿಸಲು ಶುರು ಮಾಡಿದಳು. ಅವನು ಮಲಗುತ್ತಿದ್ದುದೇ ರಾತ್ರಿ ಒಂದಕ್ಕೆ. ಅಂದರೆ ಅವಳಿಗೆ ನಿದ್ದೆ ಮೂರು ತಾಸು. ಹೀಗೆ ಎಂಟು ತಿಂಗಳು ನಡೆಯಿತು. ಒಂದು ದಿನ ನೀರು ತರುವಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದಳು.

ಚಿನ್ನುವಿನ ಮಾಸಾಶನ ಶುರುವಾದ ಮೇಲೆ ನಾವು ಮೊದಲು ಮಾಡಿದ ಕೆಲಸ, ಪಕ್ಕದ ಗಲ್ಲಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕನಿಗೆ ತಿಂಗಳ ಲೆಕ್ಕ ಹಚ್ಚಿದ್ದು. ದಿನಾ ಹತ್ತು ಗಂಟೆಗೆ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಮನೆಗೆ ಬರುತ್ತಿತ್ತು. ಆ 800 ರೂಪಾಯಿಗೆ ಮೇಲೆ ಒಂದಿಷ್ಟು ನಾನು ಕೂಡಿಸುತ್ತಿದ್ದೆ. ನಮ್ಮ ಕಡೆಯವರೇ ಒಬ್ಬರು ಮುಖದ ಮೇಲೆ ಅಂದರು, "ಹುಡುಗನ ಹೆಸರಿಲೆ ಬಂದ ರೊಕ್ಕದಾಗ ರೊಟ್ಟಿ ತಿಂತೀರಲ್ಲ." ನಾನು ತಲೆ ತಗ್ಗಿಸಿದೆ. ನನ್ನ ಹೆಂಡತಿ ತಗ್ಗಿಸಲಿಲ್ಲ. "ಹೌದ್ರಿ, ತಿಂತೀವಿ. ಈಗ ನಾನು ಆರು ತಾಸು ಮಲಗತೀನಿ, ಎದ್ದು ಅವನ ಜೋಡಿ ಕೂತು ಆಡತೀನಿ. ಮೊದಲ ಅವನ ಮುಖ ನೋಡಿದರ ಸಿಟ್ಟು ಬರತಿತ್ತು" ಅಂದಳು.

ಆವತ್ತೇ ನನಗೆ ಈ ರೊಕ್ಕ ಯಾತಕ್ಕೆ ಅನ್ನೋದು ತಿಳಿಯಿತು. ಮಗುವನ್ನು ದಿನದ ಇಪ್ಪತ್ತನಾಲ್ಕು ತಾಸೂ ಹಿಡಿದುಕೊಂಡಿರುವವಳು ಬಿದ್ದುಹೋದರೆ ಯಾವ ಥೆರಪಿಯೂ ನಡೆಯುವುದಿಲ್ಲ. ತಾಯಿಯ ನಿದ್ದೆಗೆ ಹೋದ ರೂಪಾಯಿಯೂ ಮಗನಿಗೇ ಹೋದದ್ದು. ನಿಮ್ಮ ಮನೆಯಲ್ಲಿ ವೈನಿ ಕೊನೆಯ ಸಲ ಯಾವಾಗ ಪೂರ್ತಿ ನಿದ್ದೆ ಮಾಡಿದರು? ಕೇಳಿದ್ದೀಯಾ?

ಈಗ ಕೈ ಒಡ್ಡುವ ಮಾತಿಗೆ ಬರುತ್ತೇನೆ. 1995ರಲ್ಲಿ ಅಂಗವಿಕಲರ ಕಾಯ್ದೆ ಬಂದಾಗ ಅದರ ಪಟ್ಟಿಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಸೇರಿತು. ಆದರೆ ಎಲ್ಲರಂತೆ ಪ್ರಮಾಣಪತ್ರದ ಹಕ್ಕು ಗಟ್ಟಿಯಾಗಿದ್ದು 2016ರ ಹೊಸ ಕಾಯ್ದೆಯಿಂದ. ಅದರಲ್ಲಿ 21 ಬಗೆಯ ವೈಕಲ್ಯಗಳಿವೆ, ಆಟಿಸಂ ಅದರಲ್ಲೊಂದು. ಇಂಥ ಮಕ್ಕಳ ತಾಯಿತಂದೆಯರು ವರ್ಷಗಟ್ಟಲೆ ಬಾಗಿಲು ಬಡಿದು ಪಡೆದದ್ದು ಅದು. ನೀನು ಕೈ ಒಡ್ಡುತ್ತಿಲ್ಲಪ್ಪಾ. ನಿನ್ನ ಮಗನ ಪಾಲಿಗೆ ಬಂದದ್ದನ್ನು ಅವನ ಪರವಾಗಿ ತಗೊಳ್ಳುತ್ತಿದ್ದೀಯ, ಅಷ್ಟೆ. ಬೋರ್ಡ್ ಅಂದೆಯಲ್ಲ, ಬನಶಂಕರಿ ಜಾತ್ರೆಯಲ್ಲಿ ನಿನ್ನ ಮಗ ಕಿರುಚಿದಾಗ ಜನ "ದೆವ್ವ ಹಿಡದೈತಿ" ಅಂದರು ಅಂತ ನೀನೇ ಹೇಳಿದೆ. ಆ ಬೋರ್ಡಿಗಿಂತ ಈ ಕಾರ್ಡು ಎಷ್ಟೋ ಮೇಲು ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫ್ಯಾಕ್ಟರಿಯಲ್ಲಿ ನಿನಗೆ ಪಗಾರ ಇದೆ. ಮಾಸಾಶನಕ್ಕೆ ಆದಾಯದ ಮಿತಿ ಇದೆ, ಅದೂ ತುಂಬ ಕಡಿಮೆ. ನಿನಗೆ ಅದು ಸಿಗದೇ ಹೋಗಬಹುದು. ನಮ್ಮ ರಾಜ್ಯದಲ್ಲಿ ವೈಕಲ್ಯ 40 ಪರ್ಸೆಂಟ್ ಮೇಲಿದ್ದರೆ ತಿಂಗಳಿಗೆ 800, 75 ದಾಟಿದರೆ ಅದಕ್ಕಿಂತ ಜಾಸ್ತಿ. ನೀನು ಅದೊಂದನ್ನೇ ಹಿಡಿದುಕೊಂಡು ಸಿಟ್ಟಾಗಿದ್ದೀಯ. ಕಾರ್ಡು ಅಂದರೆ ಬರೀ ಮಾಸಾಶನ ಅಲ್ಲ. ನೀನು ಹಳೇ ಪದ್ಧತಿಯಲ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ಟುವವನಾದರೆ ಮಗನ ಸಲುವಾಗಿ 75,000 ರೂಪಾಯಿ ಆದಾಯಕ್ಕೆ ವಿನಾಯಿತಿ ಇದೆ, 80 ಪರ್ಸೆಂಟ್ ಮೇಲಿದ್ದರೆ 1,25,000. ಖರ್ಚಿನ ರಸೀದಿ ಕೂಡಿಸಿ ತೋರಿಸುವ ಗೊಡವೆ ಇಲ್ಲ. ನಿಮ್ಮ ಆಫೀಸಿನಲ್ಲಿ ಲೆಕ್ಕ ನೋಡುವವರನ್ನು ಕೇಳು.

ನಿನಗೆ ಜಾಸ್ತಿ ಉಪಯೋಗಕ್ಕೆ ಬರುವುದು ನಿರಾಮಯ ಅನ್ನುವ ಆರೋಗ್ಯ ವಿಮೆ. ಅದನ್ನು ನಡೆಸುವುದು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್. ವರ್ಷಕ್ಕೆ 1 ಲಕ್ಷದವರೆಗೆ. ಬಿಪಿಎಲ್ ಕಾರ್ಡಿದ್ದರೆ ಸೇರುವಾಗ 250, ಇಲ್ಲದಿದ್ದರೆ 500. ಬೇರೆ ವಿಮೆಯವರು ಎಷ್ಟೋ ಸಲ "ಮೊದಲೇ ಇದ್ದ ತೊಂದರೆ" ಅಂತ ಆಟಿಸಂ ಹೆಸರು ಕೇಳಿದ ಕೂಡಲೇ ಬಾಗಿಲು ಹಾಕುತ್ತಾರೆ. ಇದು ಇಂಥ ಮಕ್ಕಳಿಗೆಂದೇ ಮಾಡಿದ್ದು, ತಪಾಸಣೆ ಕೇಳುವುದಿಲ್ಲ. ಆಸ್ಪತ್ರೆ ಸೇರಿದರೆ ಮಾತ್ರ ಅಲ್ಲ, ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ ಬಿಲ್ಲಿಗೂ ಒಂದು ಮಿತಿಯೊಳಗೆ ರೊಕ್ಕ ವಾಪಸ್ ಬರುತ್ತದೆ. ಆದರೆ ಮೊದಲು ಕೈಯಿಂದ ಕಟ್ಟಬೇಕು, ಆಮೇಲೆ ಬಿಲ್ಲು ಕಳಿಸಬೇಕು. ಡಾಕ್ಟರ್ ಬರೆದುಕೊಟ್ಟ ಚೀಟಿ, ಪ್ರತಿ ದಿನದ ಅಸಲಿ ರಸೀದಿ, ಎರಡೂ ಬೇಕು. ಮೊದಲ ವರ್ಷ ನಾವು ರಸೀದಿಗಳನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಅರ್ಧ ಕಳೆದೆವು. ಈಗ ಅಂಗಡಿಯ ಗೋಡೆಗೆ ಒಂದು ಬಟ್ಟೆ ಚೀಲ ಹೊಲಿದು ನೇತು ಹಾಕಿದ್ದೇನೆ, ರಸೀದಿ ಅದರೊಳಗೇ. ಇನ್ನೊಂದು, ಈ ವಿಮೆ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಮಾರ್ಚ್ ಬರುವುದರೊಳಗೆ ರಿನ್ಯೂ ಮಾಡಿಸು.

ಕಾರ್ಡು ಇದ್ದವರಿಗೆ ಬಸ್ಸಿನ ಪಾಸ್ ವರ್ಷಕ್ಕೆ 660 ರೂಪಾಯಿ, ಇರುವ ಊರಿನಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ನಿಮ್ಮ ಜಮಖಂಡಿಯಿಂದ ಬಾಗಲಕೋಟೆಯೂ ವಿಜಯಪುರವೂ ಆ ಅಳತೆಯೊಳಗೇ ಬರುತ್ತವೆ. 2023ರಿಂದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, ವೈನಿಗೆ ಟಿಕೆಟ್ ಇಲ್ಲ. ವಾರಕ್ಕೆ ಎರಡು ಸಲ ಥೆರಪಿಗೆ ಬಂದು ಹೋಗುವ ತಾಯಿಮಗನಿಗೆ ಇದು ಸಣ್ಣ ಮಾತಲ್ಲ.

ಪ್ರಮಾಣಪತ್ರದ ದಿನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ಲೇ ನಾವು ಎಡವಿದ್ದು. ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ, ಅಂದರೆ ಈ ಗುರುತಿನ ಕಾರ್ಡಿಗೆ ಅರ್ಜಿ ಹಾಕಿದ ಮೇಲೆ ಆಸ್ಪತ್ರೆಗೆ ಕರೆಯುತ್ತಾರೆ. ಆಟಿಸಂ ಅಳೆಯಲು ಇಸಾ ಅಂತ ನಮ್ಮ ದೇಶದ್ದೇ ಒಂದು ಪಟ್ಟಿ ಇದೆ. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. ಕಣ್ಣಿಗೆ ಕಣ್ಣು ಕೊಡುತ್ತಾನಾ, ಕರೆದರೆ ತಿರುಗುತ್ತಾನಾ, ನೋವು ಗೊತ್ತಾಗುತ್ತದಾ, ಒಂದೇ ಆಟ ಆಡುತ್ತಾನಾ, ಹೀಗೆ. ಒಟ್ಟು 70 ಮುಟ್ಟದಿದ್ದರೆ ಆಟಿಸಂ ಇಲ್ಲ ಅಂತ.

ನನ್ನ ಹೆಂಡತಿ ಆವತ್ತು ಮಗನಿಗೆ ಹೊಸ ಅಂಗಿ ತೊಡಿಸಿ, ತಲೆ ಬಾಚಿ ಕರೆದುಕೊಂಡು ಬಂದಳು. ಕೇಳಿದ್ದಕ್ಕೆಲ್ಲ "ಮಾಡ್ತಾನ್ರಿ, ಒಮ್ಮೊಮ್ಮೆ ಮಾಡ್ತಾನ್ರಿ" ಅನ್ನತೊಡಗಿದಳು. ಹೆತ್ತವಳಲ್ಲವೇ, ಮಗನನ್ನು ಬಿಟ್ಟುಕೊಡಲು ಬಾಯಿ ಬರಲಿಲ್ಲ. ಸೈಕಾಲಜಿಸ್ಟ್ ಮೇಡಂ ಪೆನ್ನು ಕೆಳಗಿಟ್ಟರು. "ಅಕ್ಕಾ, ಒಳ್ಳೇ ದಿನದ ಮಾತು ನನಗೆ ಬೇಡ. ನಿಮಗೆ ಅಳು ಬಂದ ದಿನದ ಮಾತು ಹೇಳ್ರಿ" ಅಂದರು. ಆಗ ಅವಳು ರೊಟ್ಟಿಯ ಸಂಗತಿ ಹೇಳಿದಳು. ಒಲೆಯ ಮೇಲೆ ಕೈಯಿಟ್ಟು ಸುಟ್ಟುಕೊಂಡರೂ ಅವನು ಅಳದೆ ನಿಂತಿದ್ದನ್ನು ಹೇಳಿದಳು. ನನಗೇ ಗೊತ್ತಿಲ್ಲದ ಎಷ್ಟೋ ಸಂಗತಿ ಆವತ್ತು ಹೊರಗೆ ಬಂದವು. ನೀನು ಈಗಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಕಷ್ಟದ ದಿನಗಳನ್ನು ಬರೆ, ಫೋನಿನಲ್ಲಿ ಒಂದೆರಡು ವಿಡಿಯೋ ಇಟ್ಟುಕೋ. ಸಣ್ಣ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಅವಧಿ ಮುಗಿಯುವ ತಾರೀಖು ಕ್ಯಾಲೆಂಡರಿನಲ್ಲಿ ಗುರುತು ಹಾಕು.

ಕಚೇರಿ ತಿರುಗಾಟದಲ್ಲಿ ಮನಸ್ಸಿಗೆ ನೋವೂ ಆಗುತ್ತದೆ. ಒಂದು ಕಡೆ ನಮ್ಮನ್ನು ಮೂರು ಸಲ ತಿರುಗಿಸಿದರು. "ಹುಡುಗ ಕೈಕಾಲು ನೆಟ್ಟಗ ಅದಾನಲ್ಲ, ಇವ ಹೆಂಗ ಅಂಗವಿಕಲ?" ಅಂದರು. ಮಗನ ಎದುರಿಗೇ. ಆವತ್ತು ಮನೆಗೆ ಬಂದು ನಾನು ಕಾಗದವನ್ನೆಲ್ಲ ಹರಿದು ಹಾಕಬೇಕು ಅಂದುಕೊಂಡೆ. ನಮ್ಮೂರಿನ ಪಂಚಾಯಿತಿಯಲ್ಲಿದ್ದ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾನೂ ಕಾಲಿನ ತೊಂದರೆ ಇದ್ದವನು, ಜೊತೆಗೆ ಬಂದು ಕೆಲಸ ಮಾಡಿಸಿಕೊಟ್ಟ. ನಿಮ್ಮ ಕಡೆಯೂ ಇಂಥವರು ಇರುತ್ತಾರೆ, ಮೊದಲು ಅವರನ್ನು ಹುಡುಕು.

ಶಾಲೆಯ ವಿಷಯ ಮುಂದೆ ಮಾತಾಡೋಣ. ಸದ್ಯ ಇಷ್ಟು ತಿಳಿದಿರಲಿ, 40 ಪರ್ಸೆಂಟ್ ಮೇಲಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಪುಕ್ಕಟೆ ಶಿಕ್ಷಣದ ಹಕ್ಕಿದೆ. ಪ್ರತಿ ತಾಲ್ಲೂಕಿನಲ್ಲಿ ಇಂಥ ಮಕ್ಕಳ ಓದಿಗೆ ನೆರವಾಗುವ ಬಿಐಇಆರ್‌ಟಿ ಅನ್ನುವ ಶಿಕ್ಷಕರಿದ್ದಾರೆ, ಬಿಇಒ ಆಫೀಸಿನಲ್ಲಿ ಕೇಳಿದರೆ ಗೊತ್ತಾಗುತ್ತದೆ.

ಇನ್ನು ನಾನು ಮಾಡಿದ ದೊಡ್ಡ ತಪ್ಪು. ಕಾರ್ಡು ಮಾಡಿಸುವುದಕ್ಕಿಂತ ಮೊದಲು, ಹೆಂಡತಿಯ ಪಾಟಲಿ ಮಾರಿ, "ಆರು ತಿಂಗಳಲ್ಲಿ ಮಾತು ಬರಿಸುತ್ತೇನೆ" ಅಂದವರಿಗೆ 60,000 ಕೊಟ್ಟು ಬಂದೆ. ಹನಿ ಔಷಧ, ಪುಡಿ, ಪಥ್ಯ. ಮಗ ಸೊರಗಿದ, ಮಾತು ಬರಲಿಲ್ಲ. ಆಟಿಸಂ ವಾಸಿ ಮಾಡುವ ಔಷಧ ಅಂತ ಯಾವುದೂ ಇಲ್ಲ ದೋಸ್ತ. ಫಿಟ್ಸ್ ಇದ್ದರೆ, ನಿದ್ದೆ ಬರದಿದ್ದರೆ ಅದಕ್ಕೆ ಡಾಕ್ಟರ್ ಔಷಧ ಕೊಡುತ್ತಾರೆ, ಅದು ಬೇರೆ. ಮಗನ ಹೆಸರಿನಲ್ಲಿ ಬರುವ ಒಂದು ರೂಪಾಯಿಯನ್ನೂ ಅಂಥವರ ಕೈಗೆ ಹಾಕಬೇಡ, ನನ್ನ ಆಣೆ.

ಹಾಗಾದರೆ ಎಲ್ಲಿ ಹಾಕಬೇಕು? ನಾನು ದರ್ಜಿ, ನನಗೆ ತಿಳಿದದ್ದು ಹೇಳುತ್ತೇನೆ. ಚಿನ್ನು ಅಂಗಿ ಹಾಕಿದ ಕೂಡಲೇ ಕಿತ್ತು ಎಸೆಯುತ್ತಿದ್ದ. ಕೊರಳಪಟ್ಟಿಯ ಚೀಟಿ, ಒಳಗಿನ ಹೊಲಿಗೆ ಅವನ ಮೈಗೆ ಮುಳ್ಳಿನ ಹಾಗೆ ಚುಚ್ಚುತ್ತಿದ್ದವು. ಈಗ ತೊಳೆದು ಮೆತ್ತಗಾದ ಹತ್ತಿ ಬಟ್ಟೆ ತಂದು, ಹೊಲಿಗೆಯೆಲ್ಲ ಹೊರಗೆ ಬರುವ ಹಾಗೆ ಹೊಲಿಯುತ್ತೇನೆ. ಇಡೀ ದಿನ ಮೈಮೇಲೆ ಇರುತ್ತದೆ. ಥೆರಪಿಸ್ಟ್ ಹೇಳಿದ ಮೇಲೆ ದಪ್ಪ ಬಟ್ಟೆಯಲ್ಲಿ ಖಾನೆ ಖಾನೆ ಹೊಲಿದು, ಒಳಗೆ ಬಿಳಿಜೋಳ ತುಂಬಿ ಒಂದು ದಿಂಬು ಮಾಡಿದೆ. ಉಣ್ಣಲು ಕೂತಾಗ ತೊಡೆಯ ಮೇಲೆ ಆ ಭಾರ ಇಟ್ಟರೆ ಎದ್ದು ಓಡುವುದು ಕಡಿಮೆಯಾಯಿತು. ಜಂತಿಗೆ ಅವ್ವನ ಹಳೇ ಇಳಕಲ್ ಸೀರೆಯ ಜೋಕಾಲಿ ಕಟ್ಟಿದ್ದೇವೆ. ಇವೆಲ್ಲ ಸೇರಿ ನಾಲ್ಕುನೂರು ರೂಪಾಯಿ ಆಗಿರಬಹುದು. ಉಳಿದದ್ದು ಸ್ಪೀಚ್ ಥೆರಪಿಗೆ, ಅದನ್ನು ಮಾತ್ರ ಎಂಥ ಕಷ್ಟದಲ್ಲೂ ತಪ್ಪಿಸಿಲ್ಲ.

ಅವನಿಗೆ ಈಗ ಒಂಬತ್ತು. ಮಾತು ಕಡಿಮೆಯೇ. ಚಿತ್ರದ ಕಾರ್ಡು ತೋರಿಸಿ ನೀರು, ಜೋಕಾಲಿ, ಹೊರಗೆ ಅನ್ನುತ್ತಾನೆ. ಹೋದ ತಿಂಗಳಿಂದ ಅವರವ್ವ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ದಿನಕ್ಕೆ ಒಂದೇ ಒಂದು ರೊಟ್ಟಿ ಬಡಿಯುತ್ತಿದ್ದಾಳೆ. ಮೊನ್ನೆ ಸೋಮವಾರ ಅವನೇ ಬಾಗಿಲು ತೆಗೆದು, ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು, ಆ ರೊಟ್ಟಿ ತವೆಗೆ ಹೋಗುವವರೆಗೂ ನಿಂತು ನೋಡಿದ.

ಬರುವ ಭಾನುವಾರ ಮೂವರೂ ನಮ್ಮ ಮನೆಗೆ ಬನ್ನಿ. ಮಗನ ಆಧಾರ್, ನಾಲ್ಕು ಫೋಟೋ, ಡಾಕ್ಟರ್ ಬರೆದ ಎಲ್ಲ ಚೀಟಿ ತಗೊಂಡು ಬಾ, ಇಲ್ಲಿಂದಲೇ ಅರ್ಜಿ ಹಾಕೋಣ. ಅವನ ಒಂದು ಹಳೇ ಅಂಗಿಯೂ ಇರಲಿ, ಅಳತೆಗೆ. ಸಂಜೆಯೊಳಗೆ ಹೊಲಿಗೆ ಹೊರಗಿಟ್ಟು ಎರಡು ಅಂಗಿ ಹೊಲಿದು ಕೊಡುತ್ತೇನೆ.

ನಿನ್ನ ದೋಸ್ತ,
ನವನಗರ, ಬಾಗಲಕೋಟೆ