ಗಡಿಯ ಮನುಷ್ಯನಿಗೆ ಹಾಕಿದ ಪ್ರಶ್ನೆ

ಪ್ರೀತಿಯ ಗೆಳೆಯ,

ಗಡಿಯ ಜನಕ್ಕೆ ದೇಶಾಭಿಮಾನ ಹುಟ್ಟಿನಿಂದಲೇ ಜಾಸ್ತಿ ಎಂದು ಹೋದ ಪತ್ರದಲ್ಲಿ ನೀನು ಬರೆದಿದ್ದೆ. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಗಡಿಯಲ್ಲಿ ಅಭಿಮಾನ ಎದ್ದು ಕಾಣುವುದು ಸರ್ಕಾರಗಳು ಅಲ್ಲೇ ಅದನ್ನು ಹೆಚ್ಚು ಬಿತ್ತುವುದರಿಂದ. ಇಟಲಿಯ ಉತ್ತರ ತುದಿಯಲ್ಲಿರುವ ದಕ್ಷಿಣ ಟಿರೋಲಿನ ಕಥೆ ಕೇಳು, ನಾನು ಯಾಕೆ ಹೀಗನ್ನುತ್ತೇನೆ ಅಂತ ಗೊತ್ತಾಗುತ್ತದೆ.

ಆ ನಾಡು ನೂರಾರು ವರ್ಷ ಆಸ್ಟ್ರಿಯಾದ್ದಾಗಿತ್ತು. 1910ರ ಜನಗಣತಿಯಲ್ಲಿ ಅಲ್ಲಿನ 100 ಜನರಲ್ಲಿ ಸುಮಾರು 89 ಜನ ಜರ್ಮನ್ ಮಾತಾಡುವವರು. ಹೀಗಿದ್ದೂ ಎತ್ತೋರೆ ತೊಲೊಮೆಯಿ ಎಂಬ ಇಟಲಿಯ ರಾಷ್ಟ್ರವಾದಿಗೆ ಅದು ಇಟಲಿಯದೇ ಎಂಬ ಹಟ. 1904ರಲ್ಲಿ ಆತ ಅಲ್ಲಿನ ಒಂದು ಶಿಖರ ಹತ್ತಿದ. ಮೊದಲು ಹತ್ತಿದವನು ತಾನೇ ಎಂದು ಸಾರಿ, ಅದಕ್ಕೆ 'ಇಟಲಿಯ ಶಿಖರ' ಎಂದು ಹೆಸರಿಟ್ಟ. ಆದರೆ 1895ರಲ್ಲೇ ಬೇರೆಯವರು ಅದನ್ನು ಹತ್ತಿ ಇಳಿದಿದ್ದರು. ಶಿಖರವಿದ್ದದ್ದೂ ಆಸ್ಟ್ರಿಯಾದ ಒಳಗೆ. ಸುಳ್ಳು ಮೊದಲು ಹುಟ್ಟಿತು, ಗಡಿ ಆಮೇಲೆ ಅದರ ಹತ್ತಿರಕ್ಕೆ ಬಂತು. ಮೊದಲ ಮಹಾಯುದ್ಧದ ನಂತರ, 1919ರ ಒಪ್ಪಂದದಲ್ಲಿ, ಬ್ರೆನ್ನರ್ ಕಣಿವೆದಾರಿಯವರೆಗಿನ ನೆಲ ಇಟಲಿಯ ಪಾಲಾಯಿತು.

ಯುದ್ಧದ ನಡುವೆಯೇ ತೊಲೊಮೆಯಿ ಊರು, ಹೊಳೆ, ಬೆಟ್ಟಗಳಿಗೆಲ್ಲ ಇಟಾಲಿಯನ್ ಹೆಸರುಗಳ ಪಟ್ಟಿ ಮಾಡಿಟ್ಟಿದ್ದ. ಫ್ಯಾಸಿಸ್ಟ್ ನಾಯಕ ಮುಸೊಲಿನಿ ಅಧಿಕಾರಕ್ಕೆ ಬಂದ ಮೇಲೆ, 1923ರಲ್ಲಿ, ಆ ಹೆಸರುಗಳೇ ಸರ್ಕಾರಿ ಹೆಸರುಗಳಾದವು. ಟಿರೋಲ್ ಎನ್ನುವ ಹೆಸರಿಗೇ ನಿಷೇಧ ಬಿತ್ತು. ಅದೇ ವರ್ಷದ ಕಾನೂನು ಜರ್ಮನ್ ಶಾಲೆಗಳನ್ನು ತರಗತಿ ತರಗತಿಯಾಗಿ ಇಟಾಲಿಯನ್ ಮಾಡುತ್ತಾ ಹೋಯಿತು. 1927ರಲ್ಲಿ ಹೊಸ ಗೋರಿಕಲ್ಲಿನ ಬರಹವೂ ಇಟಾಲಿಯನ್ನಿನಲ್ಲೇ ಇರಬೇಕೆಂಬ ಆಜ್ಞೆ ಬಂತು. ಸತ್ತವರನ್ನೂ ಬಿಡಲಿಲ್ಲ ನೋಡು.

ಜನ ಸುಮ್ನೆ ಕೂರಲಿಲ್ಲ. ಮಿಖಾಯೆಲ್ ಗಾಂಪರ್ ಎಂಬ ಪಾದ್ರಿಯ ಕರೆಯಿಂದ ಗುಟ್ಟಿನ ಶಾಲೆಗಳು ಶುರುವಾದವು. ಹಳ್ಳಿಯ ಹುಡುಗಿಯರು ಅಟ್ಟದ ಮೇಲೆ, ನೆಲಮಾಳಿಗೆಯಲ್ಲಿ ಮಕ್ಕಳಿಗೆ ಜರ್ಮನ್ ಓದು ಬರಹ ಕಲಿಸಿದರು. ಹಾಗೆ ಕಲಿಸಿದ ಆಂಗೆಲಾ ನಿಕೊಲೆಟ್ಟಿ ಜೈಲಿಗೆ ಹೋದಳು. 1930ರಲ್ಲಿ ತೀರಿಕೊಂಡಾಗ ಅವಳಿಗೆ ಬರೀ 25 ವರ್ಷ. ಅವಳ ಬಗ್ಗೆ ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಇಲ್ಲಿಗೇ ನಿಂತಿದ್ದರೆ ಇದು ಧೈರ್ಯದ ಕಥೆಯಾಗುತ್ತಿತ್ತು. ಆದರೆ 1939ರ ಜೂನ್‌ನಲ್ಲಿ ಹಿಟ್ಲರ್ ಮತ್ತು ಮುಸೊಲಿನಿಯ ಸರ್ಕಾರಗಳು ಕೈಕುಲುಕಿದವು. ಜರ್ಮನ್ ಮಾತಾಡುವವರು ಆ ವರ್ಷದ ಕೊನೆಯೊಳಗೆ ತೀರ್ಮಾನಿಸಬೇಕಿತ್ತು. ಜರ್ಮನಿಗೆ ಹೋಗಬೇಕು, ಇಲ್ಲವೇ ಭಾಷೆಯ ಆಸೆ ಬಿಟ್ಟು ಇಟಲಿಯಲ್ಲೇ ಇರಬೇಕು. ಈಗ ಪ್ರಚಾರ ಎರಡನೇ ಕಡೆಯಿಂದ ಬಂತು. ಹೊರಡುವವನೇ ನಿಜವಾದ ಜರ್ಮನ್ ಎಂದು ನಾಜಿ ಗುಂಪು ಮನೆಮನೆಗೆ ಹೋಗಿ ಹೇಳಿತು. ಉಳಿದವರನ್ನು ಸಿಸಿಲಿಗೆ ಸಾಗಿಸುತ್ತಾರೆ ಎಂಬ ಗಾಳಿಸುದ್ದಿ ಹಬ್ಬಿತು. ಬಹುಪಾಲು ಜನ ಹೋಗುತ್ತೇವೆ ಎಂದು ಸಹಿ ಹಾಕಿದರು. ಉಳಿಯುತ್ತೇವೆ ಅಂದವರಿಗೆ ದ್ರೋಹಿ ಪಟ್ಟ. ಅವರ ಕಿಟಕಿ ಗಾಜು ಒಡೆದವರು ಪೊಲೀಸರಲ್ಲ, ಅದೇ ಊರಿನವರು. ಒಂದೇ ಮನೆಯಲ್ಲಿ ಅಣ್ಣ ಹೋಗುವ ಕಡೆ, ತಮ್ಮ ಉಳಿಯುವ ಕಡೆ. ಕೊನೆಗೆ ಸುಮಾರು 75,000 ಜನ ಹೊರಟೇಬಿಟ್ಟರು. ಆಮೇಲೆ ಕೆಲವರು ಮರಳಿ ಬಂದರು.

ನನ್ನನ್ನು ಕಾಡುವುದು ಇದೇ. 16 ವರ್ಷ ಶಾಲೆ, ಹೆಸರು, ಗೋರಿ ಎಲ್ಲದರ ಮೇಲೆ ಕೈಹಾಕಿದರೂ ಆ ಜನ ತಮ್ಮ ಮಾತನ್ನು ಒಗ್ಗಟ್ಟಿನಿಂದ ಉಳಿಸಿಕೊಂಡಿದ್ದರು. ಅವರನ್ನು ಒಡೆದದ್ದು 'ನೀನು ಯಾರು, ಒಂದನ್ನೇ ಹೇಳು' ಎಂಬ ಪ್ರಶ್ನೆ. ಆ ಪ್ರಶ್ನೆ ಹಾಕುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ ಎಂದೇ ನನ್ನ ನಂಬಿಕೆ.

ಇನ್ನೊಂದು ಕಡೆಯ ಜನರನ್ನೂ ಮರೆಯಬಾರದು. 1935ರಿಂದ ಆ ನಾಡಿನ ಮುಖ್ಯ ನಗರ ಬೊಲ್ಝಾನೊದಲ್ಲಿ ಕಾರ್ಖಾನೆಗಳು ಎದ್ದವು. ಕೆಲಸಕ್ಕೆಂದು ಇಟಲಿಯ ಬೇರೆ ಕಡೆಯಿಂದ ಬಡವರನ್ನು ಕರೆತಂದರು. ಅವರ ಮೊಮ್ಮಕ್ಕಳು ಹುಟ್ಟಿದ್ದೇ ಅಲ್ಲಿ. ಅವರಿಗೆ ಬೇರೆ ಊರು ಯಾವುದಿದೆ? ನಗರದ ನಡುವೆ 1928ರಲ್ಲಿ ಮುಸೊಲಿನಿ ಸರ್ಕಾರ ಕಟ್ಟಿಸಿದ ವಿಜಯ ಸ್ಮಾರಕವಿದೆ. ಇಲ್ಲಿಂದ ನಾವು ಉಳಿದವರಿಗೆ ಭಾಷೆ, ಕಾನೂನು, ಕಲೆ ಕಲಿಸಿದೆವು ಎಂದು ಲ್ಯಾಟಿನ್‌ನಲ್ಲಿ ಅದರ ಮೇಲೆ ಕೊರೆದಿದೆ. ಜರ್ಮನ್ನರಿಗೆ ಅದು ಅವಮಾನ. ಆದರೆ ಅದರ ಮುಂದಿನ ಚೌಕಕ್ಕೆ ಶಾಂತಿ ಚೌಕ ಎಂದು ಹೆಸರಿಟ್ಟಾಗ, 2002ರ ಮತದಾನದಲ್ಲಿ ಜನ ವಿಜಯದ ಹೆಸರನ್ನೇ ವಾಪಸ್ ತಂದರು. ಹಾಗೆ ಮತ ಹಾಕಿದವರೆಲ್ಲ ಫ್ಯಾಸಿಸ್ಟರು ಅನ್ನಲು ನನಗೆ ಮನಸ್ಸಿಲ್ಲ. ಆ ಕಲ್ಲು ಹೋದರೆ ನಾಳೆ ನಮ್ಮನ್ನೂ ಹೋಗು ಅಂತಾರೇನೋ ಎಂಬ ಭಯ ಅದರಲ್ಲಿತ್ತು ಅನಿಸುತ್ತದೆ.

ಈಗ ಒಂದು ಒಳ್ಳೆಯ ಕೆಲಸ ಆಗಿದೆ. ಸ್ಮಾರಕವನ್ನು ಕೆಡವದೆ, ಅದರ ಕೆಳಗೇ 2014ರಲ್ಲಿ ಇಡೀ ಇತಿಹಾಸ ಹೇಳುವ ಪ್ರದರ್ಶನ ತೆರೆದರು. ಅದೇ ನಗರದ ಇನ್ನೊಂದು ಚೌಕದಲ್ಲಿ ಕುದುರೆಯೇರಿದ ಮುಸೊಲಿನಿಯ ದೊಡ್ಡ ಉಬ್ಬುಶಿಲ್ಪವಿದೆ. ನಂಬು, ವಿಧೇಯನಾಗು, ಹೋರಾಡು ಎಂಬುದು ಅದರ ಬರಹ. 2017ರಿಂದ ಅದರ ಮೇಲೆ ರಾಜಕೀಯ ಚಿಂತಕಿ ಹನ್ನಾ ಆರೆಂಟ್ ಅವರ ಮಾತು ಬೆಳಕಿನಲ್ಲಿ ಹೊಳೆಯುತ್ತದೆ, ಮೂರು ಭಾಷೆಗಳಲ್ಲಿ. ವಿಧೇಯನಾಗುವ ಹಕ್ಕು ಯಾರಿಗೂ ಇಲ್ಲ ಎಂಬುದು ಆ ಮಾತು.

1972ರ ಸ್ವಾಯತ್ತತೆಯ ನಂತರ ಅಲ್ಲಿ ಶಾಂತಿ ಇದೆ, ಸಿರಿಯೂ ಇದೆ. ಆದರೂ ಜರ್ಮನ್ ಮಕ್ಕಳು ಒಂದು ಶಾಲೆಗೆ, ಇಟಾಲಿಯನ್ ಮಕ್ಕಳು ಇನ್ನೊಂದಕ್ಕೆ. ಸರ್ಕಾರಿ ಕೆಲಸಗಳೂ ಭಾಷಾ ಗುಂಪಿನ ಲೆಕ್ಕದಲ್ಲೇ ಹಂಚಿಕೆಯಾಗುತ್ತವೆ. ಅದಕ್ಕೆ ಯಾವ ಗುಂಪಿನವರೆಂದು ಬರೆದುಕೊಡಬೇಕು. ಅಪ್ಪ ಇಟಾಲಿಯನ್, ಅಮ್ಮ ಜರ್ಮನ್ ಆದವರು ಅಲ್ಲಿ ಏನು ಬರೆಯಬೇಕು ಅಂತೀಯಾ? ನಿನ್ನ ಉತ್ತರ ಬೇಕು, ಬೇಗ ಬರೆ.

ನಿನ್ನ ಗೆಳೆಯ